ಲಾಕ್ ಆದ ಫೋನಿನಿಂದ ಮನೆಗೆ ಕರೆ ಹೋಗಬೇಕಾದರೆ: ನನ್ನ ಅನುಭವ

ಅಪಘಾತವಾದಾಗ ಪರದೆ ಒಡೆದಿರಲಿ, ಪಾಸ್‌ವರ್ಡ್ ಗೊತ್ತಿಲ್ಲದಿರಲಿ, ಫೋನಿನವನಿಗೆ ಎಚ್ಚರವೇ ಇಲ್ಲದಿರಲಿ, ಮನೆಯವರ ನಂಬರು ದಾರಿಹೋಕನ ಕೈಗೆ ಅರ್ಧ ನಿಮಿಷದಲ್ಲಿ ಸಿಗಬೇಕು. ಇದಕ್ಕಾಗಿ ನಂಬರನ್ನು ನಾನು ಮೂರು ಕಡೆ ಇಡುತ್ತೇನೆ: ಲಾಕ್ ಪರದೆಯ ಚಿತ್ರದಲ್ಲಿ, ಫೋನಿನ ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿ, ಸಿಮ್ಮಿನೊಳಗೆ. ಫೋನಿನಲ್ಲೇ ಬರುವ ತುರ್ತು ಮಾಹಿತಿ ಪುಟಕ್ಕೆ ನಾಲ್ಕನೇ ಜಾಗ. “ಸೆಟ್ಟಿಂಗಿನಲ್ಲೇ ಎಲ್ಲ ಇರುವಾಗ ಚೀಟಿ ಯಾಕ್ರೀ?” ಎಂದು ನಕ್ಕ ಸರೀಕರು ಬಹಳ. ನಮ್ಮದು ಹಿರಿಯೂರಿನ ಕಡೆ ಹೆದ್ದಾರಿ ಪಕ್ಕದ ಮೊಬೈಲ್ ಅಂಗಡಿ. ಗಿರಾಕಿಗಳು ಲಾರಿ, ಆಟೋ, ಬೈಕಿನವರು. ಹೀಗೆ ಸಿದ್ಧ ಮಾಡಿಕೊಟ್ಟ ಫೋನು ಸುಮಾರು ನಾನೂರು ಆಗಿರಬೇಕು. ಅವುಗಳಲ್ಲಿ ಕೆಲವು ನಿಜವಾಗಿ ಕೆಲಸಕ್ಕೆ ಬಂದವು, ಹೆಚ್ಚಿನವು ಚೀಟಿಯಿಂದಲೇ. ನಕ್ಕವರೂ ಈಗ ಲ್ಯಾಮಿನೇಶನ್ ಮಷೀನು ಇಟ್ಟುಕೊಂಡಿದ್ದಾರೆ.

ತುರ್ತು ಮಾಹಿತಿ ಪುಟ ಕೆಟ್ಟದ್ದಲ್ಲ, ಅದು ಇರುವ ಜಾಗ ಕೆಟ್ಟದ್ದು. ಆಂಡ್ರಾಯ್ಡ್‌ನಲ್ಲಿ ಲಾಕ್ ಪರದೆಯ ‘ತುರ್ತು ಕರೆ’ ಒತ್ತಿದ ಮೇಲೆ ಇನ್ನೊಂದು ಗುಂಡಿ ಇದೆ. ಕೆಲವು ಫೋನಿನಲ್ಲಿ ಅದನ್ನೂ ಎರಡು ಸಲ ಒತ್ತಬೇಕು. ಜನ ಅಲ್ಲಿವರೆಗೆ ಹೋಗುವುದಿಲ್ಲ. ನಂಬರಿನ ಗುಂಡಿಗಳು ಕಂಡ ತಕ್ಷಣ ಹತ್ತಂಕಿ ಒತ್ತುತ್ತಾರೆ, ತುರ್ತು ನಂಬರಲ್ಲ ಎಂದು ಫೋನು ಒಲ್ಲೆ ಅನ್ನುತ್ತದೆ, ಅಲ್ಲಿಗೆ ಬಿಡುತ್ತಾರೆ. ಐಫೋನಿನಲ್ಲಿ ಈ ಪುಟವೇ ಹೆಲ್ತ್ ಆಪಿನ ಮೆಡಿಕಲ್ ಐಡಿ; ಅದನ್ನು ತುಂಬಿದರಷ್ಟೇ ಸಾಲದು, ‘ಲಾಕ್ ಆದಾಗ ತೋರಿಸು’ ಎಂಬುದು ಆನ್ ಇರಬೇಕು. ಆಂಬುಲೆನ್ಸಿನವರು, ಆಸ್ಪತ್ರೆಯವರು ಈ ಪುಟ ಹುಡುಕಬಲ್ಲರು, ಹಾಗಾಗಿ ತುಂಬಿಯೇ ಕೊಡುತ್ತೇನೆ. ಆದರೆ ರಕ್ತದ ಗುಂಪು ಒಂದನ್ನೇ ಬರೆದು ಸುಮ್ಮನಾಗುವುದು ದಂಡ. ಆಸ್ಪತ್ರೆಯವರು ರಕ್ತ ಕೊಡುವ ಮುಂಚೆ ತಾವೇ ಪರೀಕ್ಷೆ ಮಾಡುತ್ತಾರೆ. ಬರೆಯಬೇಕಾದ್ದು ಇನ್ಸುಲಿನ್, ರಕ್ತ ತೆಳು ಮಾಡುವ ಮಾತ್ರೆ, ಪೆನಿಸಿಲಿನ್ ಅಲರ್ಜಿ, ಪೇಸ್‌ಮೇಕರ್ ಇಂಥವನ್ನು. ಮಾತ್ರೆಯ ಕಂಪನಿ ಹೆಸರು ಬೇಡ, ಔಷಧದ ಹೆಸರೇ ಇರಲಿ.

ಹೆಸರಿನ ಮುಂದೆ ‘ಐಸಿಇ’ (ಇನ್ ಕೇಸ್ ಆಫ್ ಎಮರ್ಜೆನ್ಸಿ, ಅಂದರೆ ತುರ್ತು ಬಂದರೆ) ಸೇರಿಸಿ ನಂಬರು ಉಳಿಸುವ ಪದ್ಧತಿ 2005ರಲ್ಲಿ ಬ್ರಿಟನ್ನಿನ ಬಾಬ್ ಬ್ರಾಚಿ ಎಂಬ ಆಂಬುಲೆನ್ಸ್ ಸಿಬ್ಬಂದಿ ಶುರು ಮಾಡಿದ್ದು. ಆಗ ಫೋನಿಗೆ ಲಾಕ್ ಹಾಕುವವರು ಕಡಿಮೆ. ಈಗ ಕಾಂಟ್ಯಾಕ್ಟ್ ಪಟ್ಟಿಯೇ ತೆರೆಯದು, ತೆರೆದರೂ ನಮ್ಮ ಜನ ಹುಡುಕುವುದು ಅಮ್ಮ, ಅಪ್ಪ, ಮನೆ ಎಂದು. ಬಟನ್ ಸೆಟ್ಟುಗಳಿಗೆ ನಾನು ಹಾಕುವುದೂ ಅದನ್ನೇ.

ಯಾರ ನಂಬರು ಕೊಡಬೇಕು ಎನ್ನುವಲ್ಲೇ ಅರ್ಧ ಕೆಲಸ ಕೆಡುವುದು. ಗಂಡನ ಫೋನಿನಲ್ಲಿ ಹೆಂಡತಿಯದು, ಹೆಂಡತಿಯ ಫೋನಿನಲ್ಲಿ ಗಂಡನದು. ಇಬ್ಬರೂ ಒಂದೇ ಬೈಕಿನಲ್ಲಿ ಬಿದ್ದರೆ ಒಂದು ಜೇಬಿನಿಂದ ಇನ್ನೊಂದು ಜೇಬಿಗೆ ಕರೆ! ಅದಕ್ಕೆ ಎರಡನೇ ನಂಬರು ಜೊತೆಗೆ ಓಡಾಡದವರದೇ ಆಗಬೇಕು: ಮನೆಯಲ್ಲಿರುವ ಭಾವ, ಎದುರುಮನೆಯವರು, ಲಾರಿಯವರಾದರೆ ಮಾಲೀಕರು. ಕರಾವಳಿ ಕಡೆಯವರು ದುಬೈಯಲ್ಲಿರುವ ಮಗನ ನಂಬರನ್ನು ಮೊದಲು ಬರೆಸುತ್ತಾರೆ. ತಾಲೂಕು ಆಸ್ಪತ್ರೆಯ ಫೋನಿನಿಂದಾಗಲಿ, ದಾರಿಹೋಕನ ಪ್ರೀಪೇಯ್ಡ್ ಸಿಮ್ಮಿನಿಂದಾಗಲಿ ಹೊರದೇಶಕ್ಕೆ ಕರೆ ಹೋಗುವುದು ಕಷ್ಟ. ಊರಿನವರದು ಮೊದಲು, ಮಗನದು ಆಮೇಲೆ. ಮೂರಕ್ಕಿಂತ ಹೆಚ್ಚು ನಂಬರು ಬೇಡ, ನೋಡಿದವನಿಗೆ ಗೊಂದಲ.

ಇನ್ನು ಲಾಕ್ ಪರದೆ. ‘ಲಾಕ್ ಪರದೆಯ ಸಂದೇಶ’ ಎಂದು ಸೆಟ್ಟಿಂಗಿನಲ್ಲಿ ಸಿಗುವುದು ಸಣ್ಣ ಅಕ್ಷರ, ಬಿಸಿಲಿನಲ್ಲಿ ಕಾಣದು. ಅದರ ಬದಲು ನಂಬರನ್ನು ಚಿತ್ರದಲ್ಲೇ ಕೂರಿಸುತ್ತೇನೆ. 1080 ಅಗಲ, 2400 ಎತ್ತರದ ಚಿತ್ರಕ್ಕೆ ಅಂಕಿಯ ಎತ್ತರ ನೂರು ಪಿಕ್ಸೆಲ್ ಆಸುಪಾಸು, ಕಪ್ಪು ಪಟ್ಟಿಯ ಮೇಲೆ ಹಳದಿ, ಐದೈದು ಅಂಕಿಗೆ ಒಂದು ಖಾಲಿ ಜಾಗ. ಎಡಬಲಕ್ಕೆ ನೂರು ಪಿಕ್ಸೆಲ್ ಬಿಡದಿದ್ದರೆ ಕೆಲವು ಫೋನು ಚಿತ್ರವನ್ನು ಹಿಗ್ಗಿಸಿ ಕೊನೆಯ ಅಂಕಿ ನುಂಗುತ್ತದೆ. ಅಕ್ಷರ ಕನ್ನಡದಲ್ಲಿದ್ದರೂ ಅಂಕಿ 1, 2, 3 ಎಂದೇ ಇರಲಿ, ನೋಡುವವನು ರಾಜಸ್ಥಾನದ ಡ್ರೈವರೂ ಆಗಿರಬಹುದು. ಜಾಗದ ವಿಷಯದಲ್ಲಿ ಆಂಡ್ರಾಯ್ಡಿಗೂ ಐಫೋನಿಗೂ ಉಲ್ಟಾ ಲೆಕ್ಕ. ಹೆಚ್ಚಿನ ಆಂಡ್ರಾಯ್ಡ್‌ಗಳಲ್ಲಿ ನೋಟಿಫಿಕೇಶನ್ ಗಡಿಯಾರದ ಕೆಳಗಿನಿಂದ ತುಂಬುತ್ತಾ ಬರುತ್ತದೆ, ಆದ್ದರಿಂದ ನಂಬರು ಕೆಳಗಿನ ಅರ್ಧದಲ್ಲಿ, ಬೆರಳಚ್ಚಿನ ಗುರುತಿಗಿಂತ ಮೇಲೆ. ಐಒಎಸ್ 16ರಿಂದ ಐಫೋನಿನಲ್ಲಿ ಅವು ಕೆಳಗಿನಿಂದ ಏಳುತ್ತವೆ, ಅಲ್ಲಿ ನಂಬರು ಗಡಿಯಾರದ ಕೆಳಗೇ. ಮೂರು ನೋಟಿಫಿಕೇಶನ್ ಬಂದಾಗಲೂ ಕಾಣುತ್ತದೆಯೇ ಎಂದು ನೋಡಿಯೇ ಕೊಡಬೇಕು. ಪರದೆಯ ಚಿತ್ರ ತಾನಾಗಿ ಬದಲಾಗುವ ಸೌಲಭ್ಯ ಆಫ್ ಮಾಡದಿದ್ದರೆ ಮಾರನೇ ದಿನ ನಿಮ್ಮ ನಂಬರಿನ ಜಾಗದಲ್ಲಿ ಜಾಹೀರಾತು. ಚಿತ್ರವನ್ನು ವಾಟ್ಸ್ಆಪಿನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ, ಫೋಟೋ ಆಗಿ ಕಳಿಸಿದರೆ ಅಂಚು ಮಸುಕು.

ಪರದೆ ಸತ್ತರೆ ಚೀಟಿಯೇ ಗತಿ. ಅಳತೆ 35ಕ್ಕೆ 55 ಮಿಲಿಮೀಟರ್. ಬಿಲ್ ಮಷೀನಿನ ಥರ್ಮಲ್ ಕಾಗದ ಫೋನಿನ ಬಿಸಿಗೆ ಕೆಲವೇ ತಿಂಗಳಲ್ಲಿ ಕೆಡುತ್ತದೆ. ಇಂಕ್‌ಜೆಟ್ ಮತ್ತು ಜೆಲ್ ಪೆನ್ ಬೆವರಿಗೆ ಹರಡುತ್ತವೆ. ಲೇಸರ್ ಪ್ರಿಂಟ್ ನಿಲ್ಲುತ್ತದೆ. ಮೊದಲು ಕತ್ತರಿಸಿ, ಆಮೇಲೆ 125 ಮೈಕ್ರಾನ್ ಪೌಚಿನಲ್ಲಿ ಜೋಡಿಸಿ ಲ್ಯಾಮಿನೇಟ್ ಮಾಡಬೇಕು, ಸುತ್ತ ಮೂರು ಮಿಲಿಮೀಟರ್ ಪ್ಲಾಸ್ಟಿಕ್ ಅಂಚು ಬಿಟ್ಟು. ಕಾಗದದ ಅಂಚಿಗೇ ಕತ್ತರಿಸಿದ ಚೀಟಿ ಒಂದು ಮಳೆಗಾಲ ದಾಟುವುದಿಲ್ಲ. ಎ4 ಪೌಚಿಗೆ ಇಪ್ಪತ್ತು ಚೀಟಿ ಹಿಡಿಯುತ್ತದೆ; ಪ್ರಿಂಟು, ಪೌಚು, ಟೇಪು ಎಲ್ಲ ಸೇರಿ ಒಂದಕ್ಕೆ ಎರಡು ರೂಪಾಯಿ ಒಳಗೆ. ಚೀಟಿಗೆ ಇಪ್ಪತ್ತು, ನಾಲ್ಕೂ ಸೇರಿದರೆ ಐವತ್ತು ತೆಗೆದುಕೊಳ್ಳುತ್ತೇನೆ. ಅರವತ್ತು ದಾಟಿದವರಿಗೆ ಪುಕ್ಕಟೆ. ಅವರ ಮಕ್ಕಳು ಟೆಂಪರ್ಡ್ ಗ್ಲಾಸಿಗೆ ಇಲ್ಲಿಗೇ ಬರುತ್ತಾರೆ, ನಷ್ಟವಿಲ್ಲ.

ಚೀಟಿ ಕವರಿಗೆ ಅಂಟಿರಬಾರದು. ಬಿದ್ದ ಏಟಿಗೆ ಕವರು ಒಂದು ಕಡೆ, ಫೋನು ಇನ್ನೊಂದು ಕಡೆ ಹಾರುತ್ತವೆ. ಫೋನಿನ ಬೆನ್ನಿಗೇ ತೆಳು ಡಬಲ್ ಟೇಪಿನಲ್ಲಿ ಅಂಟಿಸಿ, ಮೇಲೆ ಟ್ರಾನ್ಸ್‌ಪರೆಂಟ್ ಕವರು. ಬಿಸಿಲಿಗೆ ಟೇಪು ಬಿಡದ ಹಾಗೆ ಮಾಡುವ ಒಂದು ಉಪಾಯ ಇದೆ, ಅದು ಅಂಗಡಿಯ ಗುಟ್ಟು, ಬರೆಯುವುದಿಲ್ಲ. ಚೀಟಿಯ ಕೊನೆಯ ಸಾಲು: “ಎತ್ತದಿದ್ದರೆ ತಕ್ಷಣ ಇನ್ನೊಮ್ಮೆ ಮಾಡಿ. ನಿಮ್ಮ ಹೆಸರು ಹೇಳಬೇಕಿಲ್ಲ.” ಪೊಲೀಸು, ಕೋರ್ಟು ಎಂದು ಹೆದರಿ ಕರೆ ಮಾಡದವರೇ ಹೆಚ್ಚು. ಸಹಾಯ ಮಾಡಿದವರನ್ನು ಕಾಪಾಡಲು ಕರ್ನಾಟಕದಲ್ಲಿ ಕಾನೂನೇ ಇದೆ, ಆದರೆ ರಸ್ತೆಯಲ್ಲಿ ನಿಂತವನಿಗೆ ಅದು ಗೊತ್ತಿರಬೇಕಲ್ಲ.

ಸಿಮ್ಮಿನಲ್ಲಿ ನಂಬರು ಇಡುವುದು ಹಳೇ ಕಾಲದ್ದು ಎನ್ನುತ್ತಾರೆ. ಫೋನು ಪುಡಿಯಾದರೂ ಸಿಮ್ಮನ್ನು ಬೇರೆ ಸೆಟ್ಟಿಗೆ ಹಾಕಿ ಓದಬಹುದು, ಸಿಮ್ ಪಿನ್ ಹಾಕಿರಬಾರದು ಅಷ್ಟೆ. ಹೆಸರಿಗೆ ಇಂಗ್ಲಿಷ್ ಅಕ್ಷರವಾದರೆ ಹದಿನಾಲ್ಕರಷ್ಟು ಹಿಡಿಯುತ್ತದೆ. ಕನ್ನಡ ಆರೇಳಕ್ಕೇ ತುಂಡಾಗುತ್ತದೆ. ಒತ್ತು, ಕೊಂಬು, ಸೊನ್ನೆ ಒಂದೊಂದೂ ಲೆಕ್ಕಕ್ಕೆ ಸೇರುತ್ತವೆ. ‘ಅಮ್ಮ’ ಸರಿಯಾಗಿ ಕೂರುತ್ತದೆ, ‘ಮಾವ ಚಿತ್ರದುರ್ಗ’ ಕೂರದು. ಬಟನ್ ಸೆಟ್ಟಿನಲ್ಲಿ ಚೌಕ ಚೌಕ ಕಂಡರೆ ಇಂಗ್ಲಿಷಿನಲ್ಲೇ ಹಾಕಿ. ಐಫೋನು ಸಿಮ್ಮಿಗೆ ಬರೆಯುವುದಿಲ್ಲ, ಬೇರೆ ಫೋನಿನಲ್ಲಿ ಬರೆದು ಹಾಕಬೇಕು. ಫೋನಿನೊಳಗೇ ಕೂತಿರುವ ಇಸಿಮ್ಮಿಗೆ ಈ ದಾರಿಯೇ ಇಲ್ಲ.

ತುರ್ತು ನಂಬರು 112ಕ್ಕೆ ಕರೆ, ಮನೆಯವರಿಗೆ ಎಸ್ಎಂಎಸ್ ಕಳಿಸುವ ಎಸ್‌ಒಎಸ್ ಗುಂಡಿ ಪ್ರಜ್ಞೆ ಇರುವವರಿಗೆ. 2017ರಿಂದ ಇಲ್ಲಿ ಮಾರುವ ಫೋನುಗಳಿಗೆ ಅದು ಕಡ್ಡಾಯ. ಬಟನ್ ಸೆಟ್ಟಿನಲ್ಲಿ 5 ಅಥವಾ 9 ಒತ್ತಿ ಹಿಡಿಯುವುದು. ಆದ್ದರಿಂದ ಸ್ಪೀಡ್ ಡಯಲಿಗೆ 5, 9 ಮುಟ್ಟಬೇಡಿ. 2ಕ್ಕೆ ಮನೆ, 3ಕ್ಕೆ ನೆರೆಮನೆ. ರೀಚಾರ್ಜ್ ಮುಗಿದಿದ್ದರೂ 112ಕ್ಕೆ ಕರೆ ಹೋಗುತ್ತದೆ, ಆದರೆ ಮನೆಯವರಿಗೆ ಹೋಗಬೇಕಾದ ಎಸ್ಎಂಎಸ್ ಹೋಗದು. ಪರೀಕ್ಷೆಗೆಂದು 112 ಒತ್ತಬೇಡಿ. ಲಾಕ್ ಮಾಡಿದ ಫೋನನ್ನು ಗೊತ್ತಿಲ್ಲದವರ ಕೈಗೆ ಕೊಟ್ಟು “ಇವರ ಮನೆಗೆ ಫೋನು ಮಾಡಿ” ಎಂದರೆ ಸಾಕು, ಎಲ್ಲ ಬಯಲಾಗುತ್ತದೆ.

ಕ್ಯೂಆರ್ ಸ್ಟಿಕ್ಕರನ್ನೂ ಹೆಲ್ಮೆಟ್ಟಿಗೆ ಹಚ್ಚಿ ನೋಡಿದ್ದಾಯಿತು. ವೆಬ್‌ಸೈಟಿಗೆ ಹೋಗುವ ಕೋಡು ಚಂದಾ ಮುಗಿದ ದಿನ ಸತ್ತಿತು. ಕೋಡಿನೊಳಗೆ ನೇರವಾಗಿ ಫೋನ್ ನಂಬರೇ ಇದ್ದರೆ ಇಂಟರ್ನೆಟ್ಟೂ ಬೇಡ, ಎರಡೂವರೆ ಸೆಂಟಿಮೀಟರ್ ಚೌಕ ಸಾಕು. ಹೆಸರು, ವಿಳಾಸ ತುರುಕಿದರೆ ಚುಕ್ಕಿ ಸಣ್ಣದಾಗಿ ಧೂಳಿಗೆ ಓದದು. ಇನ್ನೊಂದು: ಪರದೆ ಸತ್ತು ಫೋನು ರಿಂಗಾಗುತ್ತಿದ್ದರೆ, ಗುಂಡಿ ಇರುವ ವೈರ್ ಇಯರ್‌ಫೋನು ಚುಚ್ಚಿ ಗುಂಡಿ ಒತ್ತಿದರೆ ಕರೆ ಎತ್ತಿಕೊಳ್ಳುತ್ತದೆ. ಬಿದ್ದ ಏಟಿಗೆ ಫೋನು ರೀಸ್ಟಾರ್ಟ್ ಆಗಿದ್ದರೆ ಒಮ್ಮೆ ಲಾಕ್ ತೆಗೆಯುವವರೆಗೆ ಹೆಸರು ಬರದೆ ಬರೀ ನಂಬರು ಕಾಣುವುದುಂಟು. ‘ಅಮ್ಮ’ ಎಂದು ಬರಲಿಲ್ಲವೆಂದು ಬಿಡಬಾರದು.

ಕರೆ ಎತ್ತುವವರ ಫೋನನ್ನೂ ಸರಿಪಡಿಸಬೇಕು, ಇದನ್ನು ಯಾರೂ ಮಾಡುವುದಿಲ್ಲ. ಬರುವುದು ಗುರುತಿಲ್ಲದ ನಂಬರಿನಿಂದ, ಹೆಚ್ಚಾಗಿ ರಾತ್ರಿ. ಕರೆಯ ಸದ್ದು ತಡೆಯುವ ‘ಡು ನಾಟ್ ಡಿಸ್ಟರ್ಬ್’ ಇದ್ದರೂ ಮತ್ತೆ ಬಂದ ಕರೆಯನ್ನು ಒಳಗೆ ಬಿಡುವ ಆಯ್ಕೆ ಆನ್ ಇರಲಿ. ಆಂಡ್ರಾಯ್ಡ್‌ನಲ್ಲಿ ಹದಿನೈದು ನಿಮಿಷದೊಳಗೆ, ಐಫೋನಿನಲ್ಲಿ ಮೂರು ನಿಮಿಷದೊಳಗೆ ಅದೇ ನಂಬರಿನಿಂದ ಎರಡನೇ ಕರೆ ಬಂದರೆ ರಿಂಗ್ ಆಗುತ್ತದೆ. ಚೀಟಿಯಲ್ಲಿ “ತಕ್ಷಣ ಇನ್ನೊಮ್ಮೆ” ಎಂದು ಹಾಕಿದ್ದು ಇದಕ್ಕೇ. ಐಫೋನಿನಲ್ಲಿ ಅಪರಿಚಿತ ಕರೆಗಳನ್ನು ಮೌನವಾಗಿಸುವುದು ಆಫ್ ಆಗಿರಬೇಕು. ಕಳ್ಳನಿಗೂ ನಂಬರು ಕಾಣುತ್ತದೆ ಎಂಬ ತಕರಾರು ಸುಳ್ಳಲ್ಲ. ಅದಕ್ಕೇ ಮನೆಯವರಿಗೆ ಹೇಳಿಕೊಡುವುದು: ಅಪಘಾತ ಎಂದು ಯಾರು ಕರೆ ಮಾಡಿದರೂ ಮೊದಲು ಆಸ್ಪತ್ರೆಯ ಹೆಸರು, ಊರು ಕೇಳಿ, ಆಸ್ಪತ್ರೆಯ ನಂಬರು ನೀವೇ ಹುಡುಕಿ ಮಾತಾಡಿ; ಫೋನಿನಲ್ಲಿ ಹಣ ಕೇಳಿದರೆ ಕೊಡಬೇಡಿ, ಒಟಿಪಿಯಂತೂ ಬೇಡವೇ ಬೇಡ.