ಸೀಳುನಾಲೆ ಲೈನಿಂಗ್: ತೂಬಿನ ತಕರಾರು ಕಾಂಕ್ರೀಟಿಗೆ ಮೊದಲೇ ಮುಗಿಸಿದ ಬಗೆ

ಮಂಡ್ಯದ ಕಡೆ ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನಲ್ಲಿ ಸೀಳುನಾಲೆಗೆ (ದೊಡ್ಡ ನಾಲೆಯಿಂದ ಒಡೆದ ಕವಲಿಗೆ) ಕಾಂಕ್ರೀಟ್ ಹೊದಿಸುವ ಲೈನಿಂಗ್ ಕೆಲಸ ನಿಲ್ಲೋದು ಸಿಮೆಂಟ್ ಸಾಲದೆ ಅಲ್ಲ, ತೂಬಿನ (ನಾಲೆಯಿಂದ ಗದ್ದೆಗೆ ನೀರು ಬಿಡುವ ಕಿಂಡಿಯ) ಜಗಳಕ್ಕೆ. ಒಂದು ದಿನ ನಿಂತರೆ ಮಿಕ್ಸರ್ ಬಾಡಿಗೆ, ಆಳಿನ ಕೂಲಿ ಸೇರಿ 20 ಸಾವಿರದ ಹತ್ತಿರ ಹೋಗುತ್ತದೆ. ಕಾಂಕ್ರೀಟ್ ಒಡೆದು ತೂಬು ಮತ್ತೆ ಕೂರಿಸಿದರೆ ಒಂದಕ್ಕೆ 8-10 ಸಾವಿರ. ಅದು ಯಾವ ಬಿಲ್ಲಿಗೂ ಹತ್ತೋದಿಲ್ಲ.

ಲೈನಿಂಗ್ ಆದರೆ ತೂಬಿಗೆ ನೀರು ಹತ್ತೋದಿಲ್ಲ ಎಂಬ ರೈತರ ದೂರು ಬಹುಮಟ್ಟಿಗೆ ನಿಜ. ಲೈನಿಂಗ್ ಆದ ಮೇಲೆ ನೀರು ಜೋರಾಗಿ ಓಡುತ್ತದೆ, ಆಳ ಇಳಿಯುತ್ತದೆ. 2 ಅಡಿ ಹರಿಯುತ್ತಿದ್ದ ಕಡೆ ಹೆಚ್ಚುಕಡಿಮೆ ಅರ್ಧ ಅಡಿ ಕಮ್ಮಿ. ತೂಬನ್ನು ಹಳೇ ಮಟ್ಟಕ್ಕೇ ಕೂರಿಸಿದರೂ ಗದ್ದೆಗೆ ನೀರು ಸಾಲದು.

ಅದಕ್ಕೆ ಕಟ್ಟು ನೀರು (ಸರದಿಯಂತೆ ಬಿಡುವ ನೀರು) ನಿಲ್ಲಿಸುವ ಮೊದಲೇ, ನಾಲೆ ತುಂಬಿ ಹರಿಯುವಾಗ, ಸೌಡಿ (ನೀರು ಹಂಚುವ ನೀರುಗಂಟಿ) ಮತ್ತು ಮೇಲಿನ-ಕೆಳಗಿನ ತೂಬಿನ ರೈತರ ಎದುರು ನೀರಿನ ಮಟ್ಟ ಅಳೆಯಬೇಕು. ಏರಿ ಮೇಲೆ ನೆಟ್ಟ ಕಲ್ಲಿನಿಂದ ನೀರು ಎಷ್ಟು ಕೆಳಗಿದೆ, ತೂಬಿನ ತಳ ಎಷ್ಟು ಕೆಳಗಿದೆ ಎಂದು ಬರೆದು ಮೂವರ ಸಹಿ. ಆಟೋ ಲೆವೆಲ್ ಎಂಬ ಸರ್ವೆ ದುರ್ಬೀನು ಓದಿ ಹೇಳಿದರೆ ಯಾರೂ ನಂಬೋದಿಲ್ಲ. ನೀರು ತುಂಬಿದ ಪಾರದರ್ಶಕ ಕೊಳವೆಯಾದ ಲೆವೆಲ್ ಟ್ಯೂಬಿನಲ್ಲಿ ನೀರೇ ಮಟ್ಟ ತೋರಿಸಿದರೆ ಮಾತಿಲ್ಲ. ಟ್ಯೂಬಿನಲ್ಲಿ ಗಾಳಿಗುಳ್ಳೆ ಉಳಿದರೆ ಮಾತ್ರ ಲೆಕ್ಕ ಕೆಟ್ಟಿತು. ಆಮೇಲೆ ತೂಬಿನ ತಳ ಇಳಿಸಲು ಎಇಇ (ಸಹಾಯಕ ಕಾರ್ಯಪಾಲಕ ಇಂಜಿನಿಯರ್) ಅವರ ಒಪ್ಪಿಗೆ ಪಡೆದೇ ಕಾಂಕ್ರೀಟ್. ಗದ್ದೆ ಎತ್ತರದಲ್ಲಿದ್ದರೆ ತಳ ಇಳಿಸಿ ಪ್ರಯೋಜನವಿಲ್ಲ, ನೀರಿನ ಮಟ್ಟ ಏರಿಸಲು ತೂಬು ದಾಟಿದ ಕೂಡಲೇ, ನೀರು ಹರಿಯುವ ಕಡೆಗೆ, ನಾಲೆಗೇ ಗಿಡ್ಡ ಅಡ್ಡಗೋಡೆ ಬೇಕು. ಬದ್ಧವೈರಿ ನೆರೆಯವರಿಬ್ಬರಿಂದ ಸಹಿ ತೆಗೆಸುವ ಉಪಾಯ ಇಲ್ಲಿ ಬರೆಯೋದಿಲ್ಲ.

"ಇದು ಕಾಲಹರಣ" ಅಂದವರೇ ಈಗ ಸಹಿ ಕಾಗದದ ನಮೂನೆ ಕೇಳುತ್ತಿದ್ದಾರೆ. ಈ ಬಗೆಯಲ್ಲಿ ಮಾಡಿದ ನಾಲೆಯಲ್ಲಿ ಒಂದು ತೂಬನ್ನೂ ಒಡೆಯಬೇಕಾಗಲಿಲ್ಲ.

ಕೆಲಸದ ಸುದ್ದಿ ರೈತರಿಗೆ ಮುಟ್ಟಿಸಲು ವಾಟ್ಸಾಪ್ ಗುಂಪು ಮಾಡಿ ನೋಡಿದ್ದಾಯಿತು. ನಾಲೆಯ ತಲೆಭಾಗದವರೇ ಮಾತಾಡಿದರು, ಕೊನೇ ಭಾಗದವರು ಬಾಯಿ ಬಿಡಲಿಲ್ಲ. ಹಾಲಿನ ಡೇರಿ ಗೋಡೆಗೆ ನಾಳಿನ ಕೆಲಸ ಎಲ್ಲಿಂದ ಎಲ್ಲಿಗೆ ಎಂದು ಅಂಟಿಸಿದ್ದು ಫಲ ಕೊಟ್ಟಿತು; ಬೆಳಿಗ್ಗೆ-ಸಂಜೆ ಎಲ್ಲ ಮನೆಯವರೂ ಅಲ್ಲಿಗೆ ಬರುತ್ತಾರೆ. ಕೆಲಸ ಹೇಗಾಯಿತು ಎಂದು ತಿಳಿಯಲು "ತೃಪ್ತಿಯೇ?" ಎಂದು 5ಕ್ಕೆ ಅಂಕ ಕೇಳಿದರೆ ಎಲ್ಲರೂ "ಚೆನ್ನಾಗದೆ ಸಾ" ಅಂತಾರೆ. "ನೀರು ಯಾವತ್ತು ಬಂತು, ಎಷ್ಟು ಹೊತ್ತು ನಿಂತಿತ್ತು" ಅಂದರೆ ಒಳಗಿನ ಮಾತು ಬರುತ್ತದೆ.

ಬಟ್ಟೆ ಒಗೆಯುವ ಮೆಟ್ಟಿಲು, ದನ ಇಳಿಯುವ ಇಳಿಜಾರು ಎಸ್ಟಿಮೇಟಿನಲ್ಲೇ ಸೇರಿರಲಿ. ಇಲ್ಲದಿದ್ದರೆ ಜನ ಲೈನಿಂಗ್ ಅಂಚು ಒಡೆದು ದಾರಿ ಮಾಡಿಕೊಳ್ಳುತ್ತಾರೆ. ನಾಲೆ ಕೆಳಗೆ ಬಸಿನೀರು ನಂಬಿದ ಬಾವಿಯವರಿಗೆ ಮಾತ್ರ ಇನ್ನೂ ಸರಿಯಾದ ಪರಿಹಾರ ಸಿಕ್ಕಿಲ್ಲ. ಅವರಿಗೆ ನೀರು ಕಮ್ಮಿಯಾಗುತ್ತದೆ ಎಂದು ಮೊದಲೇ ನೇರವಾಗಿ ಹೇಳಬೇಕು.