ಸರ್ವರ್ ಬದಲಾದ ಮೇಲೆ ಟೇಪಿನ ಕಂಪ್ರೆಷನ್ ಎಲ್ಲಿಗೆ ಹೋಯಿತು: ನನ್ನ ಅನುಭವ

ಹೊಸ ಸರ್ವರಿನ ಮೊದಲ ಫುಲ್ ಬ್ಯಾಕಪ್‌ಗೇ ಲೆಕ್ಕ ತಪ್ಪಿತು. ಎಲ್‌ಟಿಒ-6 ಟೇಪಿನ (ಬ್ಯಾಕಪ್ ಟೇಪುಗಳ ಆರನೇ ತಲೆಮಾರು) ನೇಟಿವ್ ಅಳತೆ, ಅಂದರೆ ಕುಗ್ಗಿಸದೆ ಹಿಡಿಯುವಷ್ಟು, 2.5 ಟಿಬಿ. ಹಳೇ ಸರ್ವರಿನಲ್ಲಿ ಡ್ರೈವೇ ಡೇಟಾ ಕುಗ್ಗಿಸಿ (ಕಂಪ್ರೆಷನ್) ಬರೆಯುತ್ತಿದ್ದುದರಿಂದ ಒಂದೊಂದು ಟೇಪು ಸುಮಾರು 4 ಟಿಬಿ ಹಿಡಿಯುತ್ತಿತ್ತು, ವಾರದ 7.5 ಟಿಬಿಗೆ ಎರಡು ಸಾಕಾಗುತ್ತಿದ್ದವು. ಈಗ ಪ್ರತಿ ಟೇಪೂ 2.4ರ ಹತ್ತಿರ ತುಂಬಿ ನಾಲ್ಕನೆಯದನ್ನು ಕೇಳತೊಡಗಿತು. ಟೇಪಿಗೆ ಮೂರು ಸಾವಿರದಂತೆ ಹಿಡಿದರೂ ಐದು ವಾರದ ಸರದಿಗೆ ಮೂವತ್ತು ಸಾವಿರ ಹೆಚ್ಚುವರಿ ಖರ್ಚು.

ಟೇಪು ಸಪ್ಲೈ ಮಾಡುವವರು "ಡ್ರೈವ್‌ಗೆ ವಯಸ್ಸಾಗಿದೆ, ಎಲ್‌ಟಿಒ-8ಕ್ಕೆ ಹೋಗಿ" ಎಂದು ನಾಲ್ಕು ಲಕ್ಷದ ಆಸುಪಾಸಿನ ಕೊಟೇಶನ್ ಕಳಿಸಿದರು. ಎಲ್‌ಟಿಒ-8 ಡ್ರೈವು ಎಲ್‌ಟಿಒ-6 ಟೇಪನ್ನು ಓದುವುದೇ ಇಲ್ಲ, ಹಿಂದಿನ ತಲೆಮಾರು 7 ಮಾತ್ರ. ಅಂದರೆ ಕಪಾಟಿನಲ್ಲಿರುವ ಹಳೇ ಟೇಪುಗಳಿಗಾಗಿ ಈ ಡ್ರೈವನ್ನೂ ಇಟ್ಟುಕೊಳ್ಳಲೇಬೇಕು. ನಮ್ಮವರಲ್ಲೂ ಹೆಚ್ಚಿನವರು ಡ್ರೈವೇ ಕೆಟ್ಟಿದೆ ಅಂದರು. ಇಲ್ಲ ಅಂತ ನಾನು ಹಟ ಹಿಡಿದೆ. ಕಂಪ್ರೆಷನ್ ಮಾಡುವ ಚಿಪ್ಪು ಕೆಟ್ಟರೆ ಡ್ರೈವು ದೋಷ ತೋರಿಸುತ್ತದೆ, ಸದ್ದಿಲ್ಲದೆ 1:1 (ಕುಗ್ಗಿಸದೆ) ಬರೆಯುತ್ತ ಕೂರುವುದಿಲ್ಲ.

ಹಾರ್ಡ್‌ವೇರ್ ಮಾತು ಬೇಗ ಮುಗಿಸುತ್ತೇನೆ. ಡಿಸ್ಕುಗಳನ್ನು ಒಟ್ಟುಗೂಡಿಸುವ ರೇಡ್ ಕಾರ್ಡಿಗೆ ಟೇಪ್ ಡ್ರೈವ್ ಸಿಗಿಸಬೇಡಿ. ಐಟಿ ಮೋಡ್‌ನ ಎಚ್‌ಬಿಎ (ಡ್ರೈವನ್ನು ನೇರವಾಗಿ ಸರ್ವರಿಗೆ ತೋರಿಸುವ ಕಾರ್ಡು) ಬೇಕು. ಹೊಸ ಕಾರ್ಡಿನ ಬಾಯಿ ಎಸ್‌ಎಫ್‌ಎಫ್-8644, ನಮ್ಮ ಡ್ರೈವಿನದು 8088, ಅದಕ್ಕೆ ತಕ್ಕ ಕೇಬಲ್. ಸೆಕೆಂಡ್‌ಹ್ಯಾಂಡ್ ಕಾರ್ಡು, ಕೇಬಲ್ ಸೇರಿ ಎಂಟು ಸಾವಿರದೊಳಗೆ ಮುಗಿಯಿತು.

ಎಲ್ಲರೂ ಮೊದಲು ಕೈ ಹಾಕುವುದು ಟೇಪ್ ಡ್ರೈವನ್ನು ನಿಯಂತ್ರಿಸುವ ಎಂಟಿ (mt) ಕಮಾಂಡಿಗೆ. ಲಿನಕ್ಸ್‌ನಲ್ಲಿ ಸೆಂಟ್‌ಓಎಸ್‌ನಿಂದ ಡೆಬಿಯನ್‌ಗೆ ಬಂದವರಿಗೆ ಇಲ್ಲೊಂದು ಗುಂಡಿ ಇದೆ. ಡೆಬಿಯನ್‌ನಲ್ಲಿ ಮೊದಲಿಂದ ಇರುವುದು ಸಿಪಿಐಒ ಪ್ಯಾಕೇಜಿನ ಎಂಟಿ, ಅದಕ್ಕೆ 'ಕಂಪ್ರೆಷನ್' ಅನ್ನುವ ಆಪರೇಶನ್ನೇ ಗೊತ್ತಿಲ್ಲ, ಇನ್‌ವ್ಯಾಲಿಡ್ ಆರ್ಗ್ಯುಮೆಂಟ್ ಎನ್ನುತ್ತದೆ. ಅದನ್ನು ನೋಡಿ ಡ್ರೈವೇ ಒಪ್ಪುತ್ತಿಲ್ಲ ಅಂದುಕೊಳ್ಳುವವರು ಬಹಳ. ಎಂಟಿ-ಎಸ್‌ಟಿ ಪ್ಯಾಕೇಜ್ ಹಾಕಿದರೆ ಆಯಿತು. ಜೊತೆಗೆ ಡ್ರೈವಿನ ಸ್ಥಿತಿ ತೋರಿಸುವ ಟೇಪ್‌ಇನ್ಫೋ ಓಡಿಸಿ ನೋಡಿದರೆ ನಮ್ಮಲ್ಲಿ ಡೇಟಾ ಕಂಪ್ರೆಷನ್ ಆಗಲೇ 'ಯೆಸ್' ಇತ್ತು. ಎಲ್‌ಟಿಒ ಡ್ರೈವು ಪವರ್ ಹಾಕಿದಾಗಲೇ ಕಂಪ್ರೆಷನ್ ಆನ್ ಇಟ್ಟುಕೊಂಡೇ ಏಳುತ್ತದೆ.

ಆಮೇಲಿನದು ನನ್ನ ಪರೀಕ್ಷೆ, ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಖಾಲಿ ಟೇಪು, ವೇರಿಯಬಲ್ ಬ್ಲಾಕ್, ಡಿಡಿಯಲ್ಲಿ (ಡೇಟಾ ನಕಲಿಸುವ ಕಮಾಂಡ್) 256ಕೆ ಬ್ಲಾಕ್ ಸೈಜ್ (ಒಮ್ಮೆಗೆ ಬರೆಯುವ ತುಂಡಿನ ಅಳತೆ). ಮೊದಲು ಬರೀ ಸೊನ್ನೆಗಳನ್ನು 50 ಜಿಬಿಯಷ್ಟು ಬರೆಯಿರಿ, ಆಮೇಲೆ ರ‍್ಯಾಂಡಮ್ ಡೇಟಾ. ರ‍್ಯಾಂಡಮನ್ನು ಯುರ‍್ಯಾಂಡಮ್‌ನಿಂದ (ಲಿನಕ್ಸ್ ಆಗಿಂದಾಗಲೇ ಹುಟ್ಟಿಸುವ ಯಾದೃಚ್ಛಿಕ ಬೈಟುಗಳು) ನೇರವಾಗಿ ಹರಿಸಬೇಡಿ, ಸಿಪಿಯು ವೇಗ ಅಳೆದಂತಾಗುತ್ತದೆ. ಮೊದಲೇ ಫೈಲ್ ಮಾಡಿ ಎನ್‌ವಿಎಂಇ (ವೇಗದ ಎಸ್‌ಎಸ್‌ಡಿ) ಮೇಲೆ ಇಟ್ಟುಕೊಳ್ಳಿ. ನಮ್ಮಲ್ಲಿ ರ‍್ಯಾಂಡಮ್ ಸೆಕೆಂಡಿಗೆ 155-160 ಎಂಬಿ ವೇಗಕ್ಕೆ ನಿಂತಿತು, ಎಲ್‌ಟಿಒ-6ರ ನೇಟಿವ್ ವೇಗ ಅದೇ. ಸೊನ್ನೆ ಅದರ ಎರಡುಪಟ್ಟನ್ನೂ ದಾಟಿತು. ಒಂದೊಂದು ಓಟದ ನಂತರ ಎಸ್‌ಜಿ_ಲಾಗ್ಸ್ ಕಮಾಂಡಿನಿಂದ ಡ್ರೈವಿನ ಲಾಗಿನ 0ಎಕ್ಸ್1ಬಿ (ಕಂಪ್ರೆಷನ್) ಪುಟ ತೆಗೆದು ನೋಡಿ. ಹೋಸ್ಟ್‌ನಿಂದ ಎಷ್ಟು ಎಂಬಿ ಬಂತು, ಟೇಪಿನ ಮೇಲೆ ಎಷ್ಟು ಬಿತ್ತು, ಅನುಪಾತ ನೂರರಿಂದ ಗುಣಿಸಿ ಎಷ್ಟು, ಎಲ್ಲ ಡ್ರೈವೇ ಹೇಳುತ್ತದೆ. ರ‍್ಯಾಂಡಮ್‌ಗೆ 100ರ ಆಸುಪಾಸು, ಸೊನ್ನೆಗೆ ಅದಕ್ಕಿಂತ ಎಷ್ಟೋ ಮೇಲೆ. ಡ್ರೈವ್ ನಿರ್ದೋಷಿ ಎನ್ನುವುದು ಅಲ್ಲಿಗೇ ಸಾಬೀತು. ಅದೇ ಪುಟವನ್ನು ನಿಜವಾದ ಬ್ಯಾಕಪ್ ಜಾಬ್ ಓಡುವಾಗ ತೆಗೆದರೆ 100. ಬರುವ ಡೇಟಾವೇ ಕುಗ್ಗದಂಥದ್ದು.

ಇಲ್ಲಿ ಹಲವರು ಸಾಫ್ಟ್‌ವೇರ್ ಕಂಪ್ರೆಷನ್ ಕಡೆ ಬೆರಳು ತೋರಿಸುತ್ತಾರೆ. ಅದಿದ್ದರೆ ಅನುಪಾತ 100ಕ್ಕೆ ಇಳಿಯುವುದು ನಿಜ, ಆದರೆ ಡೇಟಾ ಮೊದಲೇ ಕುಗ್ಗಿ ಬರುವುದರಿಂದ ಟೇಪಿನ ಎಣಿಕೆ ಏರಬಾರದು. ನಮ್ಮಲ್ಲಿ ಎಣಿಕೆಯೇ ಏರಿತ್ತು. ಹಾಗಾದರೆ ಉಳಿಯುವುದು ಎನ್‌ಕ್ರಿಪ್ಷನ್ (ಡೇಟಾಕ್ಕೆ ಗೂಢಲಿಪಿಯ ಬೀಗ). ಹೊಸ ಸರ್ವರಿನ ಬ್ಯಾಕಪ್ ತಂತ್ರಾಂಶ ಬೇರಿಯೋಸ್‌ನಲ್ಲಿ ಫೈಲ್ ಡೀಮನ್‌ಗೆ (ಕ್ಲೈಂಟ್ ಯಂತ್ರದಲ್ಲಿ ಓಡುವ ಭಾಗ) ಪಿಕೆಐ ಎನ್‌ಕ್ರಿಪ್ಷನ್ (ಕೀ ಜೋಡಿಯ ಬೀಗ) ಹಾಕಿಸಲಾಗಿತ್ತು, ಫೈಲ್‌ಸೆಟ್‌ನಲ್ಲಿ (ಯಾವ ಫೈಲು, ಹೇಗೆ ಎನ್ನುವ ಸೆಟ್ಟಿಂಗ್) ಕಂಪ್ರೆಷನ್ ಇರಲಿಲ್ಲ. ಎನ್‌ಕ್ರಿಪ್ಟ್ ಆದ ಬೈಟುಗಳು ಡ್ರೈವಿನ ಕಣ್ಣಿಗೆ ರ‍್ಯಾಂಡಮ್ಮೇ.

ದಾರಿ ಎರಡು. ಫೈಲ್‌ಸೆಟ್‌ನಲ್ಲಿ ಎಲ್‌ಝಡ್4 ಕಂಪ್ರೆಷನ್ ಹಾಕಿದರೆ ಡೀಮನ್ ಮೊದಲು ಕುಗ್ಗಿಸಿ ಆಮೇಲೆ ಬೀಗ ಹಾಕುತ್ತದೆ. ನೆಟ್‌ವರ್ಕ್‌ನಲ್ಲೂ ಗೂಢವಾಗಿ ಹೋಗಬೇಕಾದ ಎರಡು ಕ್ಲೈಂಟುಗಳಿಗೆ ಇದನ್ನೇ ಇಟ್ಟೆ. ಉಳಿದವಕ್ಕೆ ಎನ್‌ಕ್ರಿಪ್ಷನ್ ಅನ್ನು ಡ್ರೈವಿಗೇ ವರ್ಗಾಯಿಸಿದೆ. ಎಲ್‌ಟಿಒ-4ರಿಂದೀಚೆಗೆ ಡ್ರೈವಿನಲ್ಲೇ 256 ಬಿಟ್ಟಿನ ಎಇಎಸ್ ಎನ್‌ಕ್ರಿಪ್ಷನ್ ಇದೆ, ಅದು ಕೆಲಸ ಮಾಡುವುದು ಕಂಪ್ರೆಷನ್ ಆದಮೇಲೆ. ಬೇರಿಯೋಸ್‌ನ ಸ್ಕಸಿಕ್ರಿಪ್ಟೊ ಪ್ಲಗಿನ್ ಟೇಪಿಗೊಂದು ಕೀ ಕೊಟ್ಟು ಕ್ಯಾಟಲಾಗಿನಲ್ಲಿ (ಬೇರಿಯೋಸ್‌ನ ಡೇಟಾಬೇಸ್) ಇಡುತ್ತದೆ. ಕ್ಯಾಟಲಾಗ್ ಹೋದರೆ ಕೀ ಹೋಯಿತು, ಟೇಪೂ ಹೋಯಿತು. ಕೀಗಳ ಪ್ರತಿ ಬೇರೆ ಕಟ್ಟಡದಲ್ಲಿರಲಿ. ನಾನು ಖಾಲಿ ಟೇಪುಗಳಿಂದಲೇ ಶುರು ಮಾಡಿದೆ. ಅನುಪಾತ 165ರ ಸುತ್ತ ಬಂದು ನಿಂತಿತು, ಟೇಪಿಗೆ ಮತ್ತೆ 4 ಟಿಬಿ.

ಡಬ್ಬಿಯ ಮೇಲಿನ 6.25 ಟಿಬಿ ನಮಗೆ ಯಾವತ್ತೂ ಬರುವುದಿಲ್ಲ, ಯಾಕೆಂದರೆ ಅರ್ಧಕ್ಕರ್ಧ ಜೆಪೆಗ್ ಮತ್ತು ಪಿಡಿಎಫ್. ಕುತೂಹಲಕ್ಕೆ ಕನ್ನಡ ಪಠ್ಯವನ್ನಷ್ಟೇ ಬರೆದು ನೋಡಿದೆ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಅಕ್ಷರಸಂಕೇತಕ್ಕೂ ಮೂರು ಬೈಟು, ಮೊದಲೆರಡು ಹೆಚ್ಚುಕಮ್ಮಿ ಒಂದೇ, ಹಾಗಾಗಿ ಮೂರುಪಟ್ಟಿನ ಹತ್ತಿರ ಕುಗ್ಗಿತು. ಅದೇ ಪಠ್ಯ ಹಳೇ ನುಡಿ ಫಾಂಟಿನ ರೂಪದಲ್ಲಿ ಅಷ್ಟು ಕುಗ್ಗದಿದ್ದರೂ ಮೂಲದಲ್ಲೇ ಸಣ್ಣದು. ಟೇಪಿನ ಮೇಲೆ ಎರಡಕ್ಕೂ ಭಾರಿ ವ್ಯತ್ಯಾಸವಿಲ್ಲ.

ಕಂಪ್ರೆಷನ್ ಮರಳಿದ ಕೂಡಲೇ ಹೊಸ ತೊಂದರೆ: ಡ್ರೈವು ನಿಂತು ನಿಂತು ಹಿಂದಕ್ಕೆ ಸುತ್ತತೊಡಗಿತು. ಇದು ಸಹಜ. ಟೇಪು ನಿಲ್ಲದೆ ಓಡಲು ಬೇಕಾದ ಕನಿಷ್ಠ ವೇಗ, ತಯಾರಕರನ್ನು ನೋಡಿಕೊಂಡು, ಸೆಕೆಂಡಿಗೆ 40-54 ಎಂಬಿ. ಡೇಟಾ ಎರಡುಪಟ್ಟು ಕುಗ್ಗಿದರೆ ಹೋಸ್ಟ್ ಕಳಿಸಬೇಕಾದದ್ದು 80-108. ಒಂದು ಗಿಗಾಬಿಟ್ ಲೈನಿನಲ್ಲಿ ಬರುವುದೇ 110. ಎನ್‌ವಿಎಂಇ ಮೇಲೆ 400 ಜಿಬಿ ಸ್ಪೂಲ್ (ಟೇಪಿಗೆ ಹೋಗುವ ಮುನ್ನ ಡೇಟಾ ಕೂಡಿಡುವ ಜಾಗ) ಇಟ್ಟು, ಬ್ಲಾಕ್ ಸೈಜನ್ನು 64512ರಿಂದ 256ಕೆಗೆ ಏರಿಸಿದೆ. ಏರಿಸುವುದನ್ನು ಹೊಸ ಪೂಲಿನಲ್ಲೇ (ಟೇಪುಗಳ ಗುಂಪು) ಮಾಡಿ, ಹಳೇ ಟೇಪುಗಳ ಪೂಲನ್ನು ಮುಟ್ಟಬೇಡಿ. ಜಾಬ್‌ಗಳನ್ನು ಯಾವ ಕ್ರಮದಲ್ಲಿ ಸ್ಪೂಲಿಗೆ ಬಿಟ್ಟರೆ ಡ್ರೈವು ಒಮ್ಮೆಯೂ ನಿಲ್ಲುವುದಿಲ್ಲ ಎನ್ನುವ ಲೆಕ್ಕ ನನ್ನಲ್ಲೇ ಇರಲಿ. ಹಲವು ಕಡೆ ಹಾಕಿಕೊಟ್ಟಿದ್ದೇನೆ, ಎಲ್ಲೂ ಕೈಕೊಟ್ಟಿಲ್ಲ.

ರಿಸ್ಟೋರ್ ಪರೀಕ್ಷೆಯನ್ನು ಡ್ರೈವಿನ ಪವರ್ ತೆಗೆದು ಹಾಕಿದ ಮೇಲೆಯೇ ಮಾಡಿ. ಪವರ್ ಹೋದರೆ ಡ್ರೈವಿನಲ್ಲಿದ್ದ ಕೀ ಅಳಿಯುತ್ತದೆ. ಪ್ಲಗಿನ್ ಅದನ್ನು ತಾನೇ ಮತ್ತೆ ತುಂಬುತ್ತದೋ ಇಲ್ಲವೋ ಆಗಲೇ ತಿಳಿಯುವುದು. ಪಿಕೆಐ ಕಾಲದ ಟೇಪುಗಳನ್ನು ಡ್ರೈವಿನ ಕೀ ಬಿಡಿಸುವುದಿಲ್ಲ. ಅವುಗಳ ರಿಟೆನ್ಷನ್ (ಇಟ್ಟುಕೊಳ್ಳುವ ಅವಧಿ) ಮುಗಿಯುವ ತನಕ ಪಿಕೆಐ ಬೀಗ ಬಿಡಿಸುವ ಮಾಸ್ಟರ್ ಕೀ ಜೋಪಾನವಾಗಿರಲಿ.