ಫ್ರೆಂಚ್ ಕ್ರಿಯಾಪದ, ನಡುವೆ ಕನ್ನಡ, ಆಮೇಲೆ ಇಂಗ್ಲಿಷ್

ಫ್ರೆಂಚಿನಿಂದ ಇಂಗ್ಲಿಷಿಗೆ ಅನುವಾದ ಮಾಡುವಾಗ ಕ್ರಿಯಾಪದವನ್ನು ಮನಸ್ಸಿನಲ್ಲೇ ಒಮ್ಮೆ ಕನ್ನಡಕ್ಕೆ ಹಾಕಿ ನೋಡುತ್ತೇನೆ ಅಂದರೆ ಈ ಕಸುಬಿನವರು ನಗುತ್ತಿದ್ದರು. 'ಎರಡೂ ಯುರೋಪಿನ ಭಾಷೆ, ಅದ್ಯಾಕಪ್ಪ ನಡುವೆ ಕನ್ನಡ ತರ್ತೀಯ' ಅಂತ ಬೆಂಗಳೂರಿನ ಗೆಳೆಯನೊಬ್ಬ ಕೇಳಿದ್ದ. ಈಗ ಅವನೇ ಕಷ್ಟದ ಸಾಲುಗಳನ್ನು ವಾಟ್ಸಾಪಿನಲ್ಲಿ ಕಳಿಸಿ 'ಇದು ಕನ್ನಡದಲ್ಲಿ ಏನು' ಅಂತ ಕೇಳುತ್ತಾನೆ. ಹಾಗಾಗಿ ಬರೆದೇ ಬಿಡೋಣ ಅನಿಸಿತು.

ನಾನಿರುವುದು ದಾವಣಗೆರೆಯ ವಿದ್ಯಾನಗರದಲ್ಲಿ. ಬರುವ ಕೆಲಸ ಹೆಚ್ಚಾಗಿ ಯಂತ್ರಗಳ ಕೈಪಿಡಿ ಮತ್ತು ಒಪ್ಪಂದ ಪತ್ರ. ಆಗೊಮ್ಮೆ ಈಗೊಮ್ಮೆ ವಿಮೆ ಕಾಗದ, ಪತ್ರಿಕೆ ವರದಿ. ಮುಂದೆ ಬರುವ ಎರಡು ಹೆಸರು ಗೊತ್ತಿರಲಿ, ಎರಡೂ ಫ್ರೆಂಚಿನ ಭೂತಕಾಲದ ರೂಪಗಳು: ಇದ್ದ ಸ್ಥಿತಿಯನ್ನು, ನಡೆಯುತ್ತಿದ್ದುದನ್ನು ಹೇಳುವುದು ಆಂಪಾರ್ಫೆ, ಆಗಿ ಮುಗಿದದ್ದನ್ನು ಹೇಳುವುದು ಪಾಸೆ ಕೊಂಪೊಜೆ.

ಮೊದಲು ಎಲ್ಲರಂತೆ ಎಕ್ಸೆಲ್‌ ಪಟ್ಟಿ ಮಾಡಿದೆ. ಈ ಕಡೆ ಫ್ರೆಂಚ್ ಕ್ರಿಯಾಪದ, ಆ ಕಡೆ ಇಂಗ್ಲಿಷ್. ಎರಡು ಸಾವಿರ ಸಾಲು ದಾಟಿರಬೇಕು. ಏನೂ ಪ್ರಯೋಜನ ಆಗಲಿಲ್ಲ. 'ಪುವ್ವಾರ್' ಅಂದರೆ 'ಕ್ಯಾನ್' ಅಂತ ಯಾರಿಗೆ ಗೊತ್ತಿಲ್ಲ? ಅದು ಭೂತಕಾಲಕ್ಕೆ ಹೋದಾಗಲೇ ಗೋಜಲು ಶುರುವಾಗುವುದು. ಆಮೇಲೆ ಸುಮಾರು ಮೂವತ್ತೈದು ಸಾವಿರ ಕೊಟ್ಟು ಒಂದು ಅನುವಾದದ ಸಾಫ್ಟ್‌ವೇರ್ ತಗೊಂಡೆ. ಹಳೆಯ ಅನುವಾದಗಳನ್ನು ಅದು ಚೆನ್ನಾಗಿ ನೆನಪಿಟ್ಟುಕೊಳ್ಳುತ್ತದೆ, ಹಳೆಯ ಎಡವಟ್ಟುಗಳ ಸಮೇತ. ಈಗ ಪುಕ್ಕಟೆ ಸಿಗುವ ಒಮೆಗಾಟಿಯಲ್ಲೇ ಕೆಲಸ ನಡೆಯುತ್ತಿದೆ. ಆ ಮೂವತ್ತೈದು ಸಾವಿರ ಹೋಯ್ತು ಅಂತಲೇ ಲೆಕ್ಕ.

ದಾರಿ ಸಿಕ್ಕಿದ್ದು ಒಂದು ವಿಮೆ ತಕರಾರಿನ ಕಾಗದದಲ್ಲಿ. ಗೋದಾಮಿನ ಮಾಲೀಕನ ಹೇಳಿಕೆ. ಒಂದು ಸಾಲಿನಲ್ಲಿ 'ಜ ಸಾವೆ' ಅಂತಿದೆ, ಸ್ವಲ್ಪ ಕೆಳಗೆ 'ಜೆ ಸ್ಯೂ'. ಎರಡೂ 'ಸಾವ್ವಾರ್', ಅಂದರೆ ತಿಳಿದಿರು ಅನ್ನುವ ಕ್ರಿಯಾಪದವೇ, ಮೊದಲನೆಯದು ಆಂಪಾರ್ಫೆ, ಎರಡನೆಯದು ಪಾಸೆ ಕೊಂಪೊಜೆ. ಇಂಗ್ಲಿಷಿನಲ್ಲಿ ಕಣ್ಣು ಮುಚ್ಚಿಕೊಂಡು 'ಐ ನ್ಯೂ' ಅಂತ ಎರಡು ಕಡೆಯೂ ಬರೆದುಬಿಡಬಹುದು. ಕನ್ನಡದಲ್ಲಿ ಹೇಳಿ ನೋಡಿ. ಚಾವಣಿ ಹಳೆಯದು ಅಂತ ನನಗೆ ಗೊತ್ತಿತ್ತು. ಸೋರುತ್ತಿದೆ ಅಂತ ಗೊತ್ತಾಯಿತು. ಸೋರಿಕೆ ಮುಂಚೆಯೇ ಗೊತ್ತಿತ್ತು ಅಂತ ಓದಿಕೊಂಡರೆ ವಿಮೆ ಕಂಪನಿಯವರು ಬಿಡುತ್ತಾರಾ? ಎರಡನೆಯದಕ್ಕೆ 'ಐ ಫೌಂಡ್ ಔಟ್' ಅಂತ ಹಾಕಿದೆ.

ಅವತ್ತಿನಿಂದ ಬೇರೆ ಕ್ರಿಯಾಪದಗಳನ್ನೂ ಹೀಗೇ ಹಿಡಿದು ನೋಡತೊಡಗಿದೆ. 'ಇಲ್ ಪುವೆ' ಅಂದರೆ ಅವನಿಗೆ ಆಗುತ್ತಿತ್ತು. 'ಇಲ್ ಆ ಪ್ಯೂ' ಅಂದರೆ ಆಯಿತು, ಅಂದರೆ ಮಾಡಿಯೇಬಿಟ್ಟ. ಇಂಗ್ಲಿಷಿನ 'ಕುಡ್' ಎರಡನೆಯದಕ್ಕೆ ಸಾಲುವುದಿಲ್ಲ, 'ಮ್ಯಾನೇಜ್ಡ್ ಟು' ಬೇಕು. 'ಇಲ್ ಆ ದ್ಯೂ ಪಾರ್ತೀರ್' ಇನ್ನೂ ಮಜಾ. ಹೋಗಬೇಕಾಯಿತು ಅಂತಲೂ ಆಗುತ್ತದೆ, ಹೋಗಿರಬೇಕು ಅಂತಲೂ ಆಗುತ್ತದೆ. ಕನ್ನಡದಲ್ಲಿ ಎರಡರಲ್ಲಿ ಒಂದನ್ನು ಆರಿಸದೆ ಬಾಯಿಂದ ಮಾತೇ ಹೊರಡುವುದಿಲ್ಲ. ಆರಿಸಿದ ಮೇಲೆ 'ಹ್ಯಾಡ್ ಟು' ಬೇಕೋ 'ಮಸ್ಟ್ ಹ್ಯಾವ್' ಬೇಕೋ ತಾನಾಗಿಯೇ ಗೊತ್ತಾಗುತ್ತದೆ. 'ಫೇರ್' ಅಂದರೆ ಮಾಡು, ಅದರ ಮುಂದೆ ಇನ್ನೊಂದು ಕ್ರಿಯಾಪದ ಬಂದರೆ ಅದು ನಮ್ಮ ಕಟ್ಟಿಸು, ಮಾಡಿಸು, ಬರೆಸು. ಇದಕ್ಕೆ ವ್ಯಾಕರಣ ಪುಸ್ತಕದಲ್ಲಿ ನಾಲ್ಕು ಪುಟ ಖರ್ಚು ಮಾಡುತ್ತಾರೆ ಅಲ್ವಾ?

ಪತ್ರಿಕೆ ವರದಿಗಳಲ್ಲಿ ಬರುವ ಕೋಂದಿಸ್ಯೊನೆಲ್ (ಸಾಮಾನ್ಯವಾಗಿ 'ಹೀಗಾಗಿದ್ದರೆ ಹಾಗಾಗುತ್ತಿತ್ತು' ಅನ್ನಲು ಬಳಸುವ ಕ್ರಿಯಾರೂಪ) ಬಗ್ಗೆ ಸ್ವಲ್ಪ ಜಂಬ ಕೊಚ್ಚಿಕೊಳ್ಳುತ್ತೇನೆ. 'ಲ ಮಿನಿಸ್ತ್ರ್ ಒರೆ ದೆಮಿಸ್ಯೊನೆ.' ಇದನ್ನು 'ವುಡ್ ಹ್ಯಾವ್ ರಿಸೈನ್ಡ್' ಅಂತ ಬರೆದವರನ್ನು ಬಹಳ ಕಂಡಿದ್ದೇನೆ. ಸಚಿವರು ರಾಜೀನಾಮೆ ಕೊಟ್ಟಿದ್ದಾರಂತೆ. ಅಷ್ಟೇ! ವರದಿಗಾರ ತನ್ನ ಮೈಮೇಲೆ ಹಾಕಿಕೊಳ್ಳದೆ ಸುದ್ದಿ ಹೇಳುತ್ತಿದ್ದಾನೆ. 'ಅಂತೆ' ಕಂಡರೆ ಇಂಗ್ಲಿಷಿನಲ್ಲಿ 'ರಿಪೋರ್ಟೆಡ್ಲಿ'. ಪರಿಶೀಲಕರು ನನ್ನ ಈ ಸಾಲುಗಳನ್ನು ಮುಟ್ಟಿದ್ದೇ ಇಲ್ಲ.

ಒಪ್ಪಂದಗಳಿಗೆ ನೆರವಾಗಿದ್ದು ನಮ್ಮ ಮನೆಯ ಕ್ರಯಪತ್ರ. ಫ್ರೆಂಚ್ ಒಪ್ಪಂದದಲ್ಲಿ ಭವಿಷ್ಯತ್ಕಾಲ ಬಂದರೆ ಅದು ಭವಿಷ್ಯ ಹೇಳುತ್ತಿರುವುದಲ್ಲ, ಕಟ್ಟುಪಾಡು ಹಾಕುತ್ತಿರುವುದು. 'ಲ ವಾಂದರ್ ರಮೆತ್ರಾ' ಅಂದರೆ ಮಾರಾಟಗಾರನು ಒಪ್ಪಿಸತಕ್ಕದ್ದು. ಈ 'ತಕ್ಕದ್ದು' ಬಂದ ಕಡೆ ಕಣ್ಣು ಮುಚ್ಚಿ 'ಶಲ್' ಹಾಕಿ. ಪತ್ರ ಬರಹಗಾರರ ಆ ಕನ್ನಡವನ್ನು ಎಷ್ಟೋ ವರ್ಷ ಬೈದುಕೊಂಡಿದ್ದೆ, ಈಗ ಅದೇ ಅನ್ನ ಹಾಕುತ್ತಿದೆ.

ಕೈಪಿಡಿಗಳ ಕಥೆಯೇ ಬೇರೆ. ಅಲ್ಲಿ ಪುಸ್ತಕದ ಕನ್ನಡ ನಡೆಯುವುದಿಲ್ಲ, ಗ್ಯಾರೇಜಿನ ಕನ್ನಡ ಬೇಕು. ಟ್ರ್ಯಾಕ್ಟರಿಗೆ ಜೋಡಿಸುವ ಯಂತ್ರದ ಕೈಪಿಡಿಯೊಂದರಲ್ಲಿ 'ಕಾಲೇ' ಅನ್ನುವ ಕ್ರಿಯಾಪದ ಒಂದೇ ಪುಟದಲ್ಲಿ ಎರಡು ಕಡೆ ಇತ್ತು. ಪ್ರಿಂಟ್ ತೆಗೆದುಕೊಂಡು ಹರಿಹರ ರಸ್ತೆಯ ಗ್ಯಾರೇಜಿಗೆ ಹೋದೆ. ಮೇಸ್ತ್ರಿ ಗ್ರೀಸ್ ಕೈಯಲ್ಲೇ ಚಿತ್ರದ ಮೇಲೆ ಬೆರಳಿಟ್ಟು, 'ಇದಕ್ಕೇನ್ ಓದ್ಬೇಕ್ರೀ ಸರ, ಗಾಲಿಗೆ ಕಲ್ಲು ಕೊಡ್ರಿ ಅಂತೈತಿ' ಅಂದರು. ಹೌದು, ಅದು 'ಚಾಕ್ ದಿ ವೀಲ್ಸ್'. ಕೆಳಗಿನದು ಲೋಡ್ ಜಾಸ್ತಿಯಾಗಿ ಎಂಜಿನ್ ನಿಂತುಹೋಗುವುದು, 'ಸ್ಟಾಲ್'. ಅದೇ ಹೊತ್ತಿನಲ್ಲಿ 'ಪ್ಯುರ್ಜೇ' ಕೂಡ ಬಗೆಹರಿಯಿತು. ಬ್ರೇಕ್ ವಿಷಯದಲ್ಲಿ ಅದನ್ನು 'ಪರ್ಜ್' ಅಂತ ಬರೆದರೆ ಮೆಕ್ಯಾನಿಕ್ ನಗುತ್ತಾನೆ. ಗ್ಯಾರೇಜಿನಲ್ಲಿ ಏರ್ ತೆಗೆಯೋದು ಅನ್ನುತ್ತಾರೆ, ಇಂಗ್ಲಿಷಿನಲ್ಲಿ 'ಬ್ಲೀಡ್'. 'ಪ್ರೀಜ್ ದ ಫೋರ್ಸ್' ಅಂದರೆ ಇಲ್ಲಿನ ರೈತರೆಲ್ಲ ಪಿಟಿಓ ಅನ್ನುವುದೇ, ಟ್ರ್ಯಾಕ್ಟರಿನ ಶಕ್ತಿಯನ್ನು ಜೋಡಿಸಿದ ಯಂತ್ರಕ್ಕೆ ಕೊಡುವ ಶಾಫ್ಟ್, ನಿಮಿಷಕ್ಕೆ 540 ಸುತ್ತು ತಿರುಗುವಂಥದ್ದು. ಎಚ್ಚರಿಕೆಯ ಸಾಲಿನಲ್ಲಿ 'ಸಾಂರೂಲೇ' ಅಂತಿತ್ತು. ಬಟ್ಟೆ ಶಾಫ್ಟಿಗೆ ಸುತ್ತಿಕೊಳ್ಳುತ್ತದೆ. ಫ್ರೆಂಚಿನ ಆ ಪುಟ್ಟ 'ಸ' ನಮ್ಮ 'ಕೊಳ್ಳು' ಇದ್ದ ಹಾಗೆ. ಕೈ ತೊಳೆದುಕೋ, ಕೂತುಕೋ, ಎಲ್ಲ ಅದೇ. ಇಂಗ್ಲಿಷಿಗೆ ಹೋಗುವಾಗ ಬಹಳಷ್ಟು ಕಡೆ ಅದು ಉದುರಿಹೋಗುತ್ತದೆ, 'ಇಟ್‌ಸೆಲ್ಫ್' ಅಂತ ಸೇರಿಸಲು ಹೋಗಬೇಡಿ.

ನಡುವೆ ಸೋಮಾರಿತನಕ್ಕೆ ಒಂದು ಪ್ರಯೋಗ ಮಾಡಿದೆ. ಫ್ರೆಂಚನ್ನು ಮಷೀನಿನಿಂದಲೇ ಕನ್ನಡ ಮಾಡಿಸಿ, ಅಲ್ಲಿಂದ ಇಂಗ್ಲಿಷ್ ಮಾಡಿಸಿದೆ. ಕೆಟ್ಟುಹೋಯಿತು. 'ಅಂತೆ' ಬರಬೇಕಾದಲ್ಲಿ 'ಕೊಡಬಹುದಿತ್ತು' ಬಂತು. ಕನ್ನಡ ತಲೆಯಲ್ಲಿ ಇರಬೇಕು, ಪರದೆಯ ಮೇಲೆ ಇದ್ದರೆ ಸಾಲದು. ಯುರೋಪಿಯನ್ ಒಕ್ಕೂಟದ ಕಾನೂನುಗಳು ಎರಡೂ ಭಾಷೆಯಲ್ಲಿ ಅಕ್ಕಪಕ್ಕ ಸಿಗುತ್ತವಲ್ಲ, ಅದು ಮಾತ್ರ ಒಳ್ಳೆಯ ಒರೆಗಲ್ಲು. 2006ರ ಯಂತ್ರಗಳ ನಿರ್ದೇಶನವನ್ನು ತೆಗೆದು ನೋಡಿ. 'ಬೇಕು' ಅನ್ನುವ ಫ್ರೆಂಚಿನ 'ದ್ವಾ' ಇರುವಲ್ಲಿ ಇಂಗ್ಲಿಷಿನಲ್ಲಿ 'ಮಸ್ಟ್' ಇದೆ, 'ಶಲ್' ಅಲ್ಲ. ಕೈಪಿಡಿಗೂ ಒಪ್ಪಂದಕ್ಕೂ ನಾನು ಬೇರೆ ಬೇರೆ ಲೆಕ್ಕ ಇಟ್ಟುಕೊಂಡಿರುವುದು ಅದಕ್ಕೇ.

ಆಸೆ, ಅನುಮಾನದಂಥವನ್ನು ಹೇಳುವಾಗ ಬರುವ ಸಬ್‌ಜಂಕ್ಟಿವ್ ಅನ್ನುವ ಕ್ರಿಯಾರೂಪದ ವಿಷಯ, ಮತ್ತೆ ಇಲ್ಲ ಅನ್ನದೆಯೇ ಸುಮ್ನೆ ಬಂದು ಕೂರುವ ಫ್ರೆಂಚಿನ ಆ 'ನ', ಇವೆರಡಕ್ಕೂ ನನ್ನದೊಂದು ಉಪಾಯ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಹೊಟ್ಟೆಪಾಡು ನೋಡಿ.

ದುಡ್ಡಿನ ಮಾತಿಗೆ ಬಂದರೆ, ಶುರುವಿನಲ್ಲಿ ಮಧ್ಯವರ್ತಿಗಳು ಪದಕ್ಕೆ ಒಂದು ರೂಪಾಯಿ, ಒಂದೂಕಾಲು ಕೊಡುತ್ತಿದ್ದರು. ಒಬ್ಬರಿಂದ ಹತ್ತಿರ ಹತ್ತಿರ ನಲವತ್ತು ಸಾವಿರ ಇನ್ನೂ ಬರಬೇಕು, ಅದು ಬರುವುದಿಲ್ಲ ಬಿಡಿ. ಈಗ ನೇರವಾಗಿ ಹೊರದೇಶದವರ ಕೆಲಸ, ಪದಕ್ಕೆ ನಾಲ್ಕೈದು ಯೂರೋ ಸೆಂಟ್. ದರ ಮಾತಾಡುವಾಗ ಮೂಲದ ಪದಗಳ ಲೆಕ್ಕವನ್ನೇ ಕೇಳಿ. ಫ್ರೆಂಚ್ ಇಂಗ್ಲಿಷ್ ಆಗುವಾಗ ಪದಗಳು ಕಡಿಮೆಯಾಗುತ್ತವೆ. ನನ್ನ ಫೈಲುಗಳಲ್ಲಿ ನೂರಕ್ಕೆ ಹತ್ತು ಹನ್ನೆರಡು ಉದುರುತ್ತವೆ. ಅನುವಾದದ ಪದ ಎಣಿಸಿ ದುಡ್ಡು ಕೊಡುವವರ ಹತ್ತಿರ, ಬಿಗಿಯಾಗಿ ಬರೆದಷ್ಟೂ ನಮಗೇ ನಷ್ಟ.

ಕನ್ನಡ ಕೈಕೊಡುವ ಜಾಗವೂ ಇದೆ. 'ಎ', 'ದಿ' ವಿಷಯದಲ್ಲಿ ಅದರಿಂದ ಏನೂ ಸಹಾಯವಿಲ್ಲ. ಇನ್ನೊಂದು 'ದಪ್ವಿ', ಇಷ್ಟು ಕಾಲದಿಂದ ಅನ್ನುವ ಫ್ರೆಂಚ್ ಪದ. ಹತ್ತು ವರ್ಷದಿಂದ ಇಲ್ಲೇ ಇದ್ದೇನೆ ಅಂತ ಫ್ರೆಂಚರೂ ವರ್ತಮಾನದಲ್ಲೇ ಹೇಳುತ್ತಾರೆ, ನಾವೂ ಹಾಗೇ ಹೇಳುತ್ತೇವೆ. ಎರಡೂ ಇಷ್ಟು ಸಲೀಸಾಗಿ ಹೊಂದುವುದರಿಂದ 'ಐ ಆಮ್ ಲಿವಿಂಗ್ ಹಿಯರ್ ಸಿನ್ಸ್ ಟೆನ್ ಇಯರ್ಸ್' ಅಂತ ತಪ್ಪು ಇಂಗ್ಲಿಷಿಗೇ ಬೆರಳು ಓಡಿಬಿಡುತ್ತದೆ. ಅದಕ್ಕೇ ಫೈಲ್ ಕಳಿಸುವ ಮುಂಚೆ 'ಸಿನ್ಸ್' ಅಂತ ಹುಡುಕಿ, ಸಿಕ್ಕ ಪ್ರತಿ ಜಾಗದಲ್ಲೂ ಹಿಂದಿನ ಕ್ರಿಯಾಪದ ಒಮ್ಮೆ ನೋಡುತ್ತೇನೆ. ಐದು ನಿಮಿಷದ ಕೆಲಸ.